ಇಲ್ಲದ ಕಿಟಕಿಯ ಅರ್ಜಿ

ಹಲ್ಲುಸೆಟ್ಟಿ ನಿಜವಾಗಿ ಸೆಟ್ಟಿಯಲ್ಲ. ಊರಿನ ದಂತವೈದ್ಯರಿಗೆಲ್ಲ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. "ಹಲ್ಲು ಸೆಟ್ಟು ಮಾಡೋರ ಮನೆ ಎಲ್ಲಿ?" ಎಂದು ಕೇಳಿಕೊಂಡು ಬರುವವರ ಬಾಯಲ್ಲಿ ಉರುಳಿ ಉರುಳಿ ಕಡೆಗೆ ಆ ಹೆಸರು ಅವನಿಗೆ ಅಂಟಿಕೊಂಡಿತು. ಮೊದಮೊದಲು ಸಿಟ್ಟಾಗುತ್ತಿದ್ದ. ಆಮೇಲೊಂದು ದಿನ ಫೋನೆತ್ತಿ ತಾನೇ "ಹಲೋ, ಹಲ್ಲುಸೆಟ್ಟಿ ಮಾತಾಡ್ತಿರೋದು" ಎಂದುಬಿಟ್ಟ. ಅಲ್ಲಿಗೆ ಆ ವ್ಯಾಜ್ಯ ಮುಗಿಯಿತು.

ಅವನು ಮನೆಯಳಿಯ. ಮನೆ ಅತ್ತೆಯದು, ಕುರ್ಚಿ ಅತ್ತೆಯದು, ಗೋಡೆ ಗಡಿಯಾರ ಅತ್ತೆಯದು, ಅದು ತೋರಿಸುವ ಹೊತ್ತೂ ಬಹುಮಟ್ಟಿಗೆ ಅತ್ತೆಯದೇ. ಅವನದು ಎನ್ನುವಂಥದ್ದು ಮಹಡಿಯ ಮೇಲಿನ ಒಂದು ಕೋಣೆ. ಅಲ್ಲಿ ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. ಮುಖವಿಲ್ಲ, ಕಣ್ಣಿಲ್ಲ, ಬರೀ ನಗು. ಹೊಸಬರು ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಬಾಗಿಲಲ್ಲೇ ನಿಂತು ಮಾತು ಮುಗಿಸಿ ಇಳಿದುಬಿಡುತ್ತಿದ್ದರು.

ಆ ಕೋಣೆಯಲ್ಲಿ ಬೆಳಕಿರಲಿಲ್ಲ. ಹಿಂಬದಿಗೆ ಒಂದು ಚಿಕ್ಕ ಗವಾಕ್ಷಿ. ಅದರ ಎದುರಿಗೆ ಪಕ್ಕದ ಮನೆಯ ಪಾಚಿಗಟ್ಟಿದ ಗೋಡೆ. ಬೀದಿಯ ಕಡೆಗೆ ನೆತ್ತಿಯಿಂದ ನೆಲದವರೆಗೆ ಬರಿಯ ದಪ್ಪ ಗೋಡೆ. ಹಲ್ಲಿನ ಕೆಲಸದಲ್ಲಿ ಬಣ್ಣವೇ ಮುಖ್ಯ. ಮನುಷ್ಯರ ಹಲ್ಲು ಬಿಳಿ ಎಂದು ಲೋಕ ತಿಳಿದಿದೆ. ಅದು ಹಳದಿ, ಬೂದಿ, ಕೆಂಪುಗಳ ನಡುವೆ ಎಲ್ಲೋ ಅಡಗಿಕೊಂಡಿರುವ ಒಂದು ಬಣ್ಣ. ಹಗಲಿನ ಬೆಳಕಿಲ್ಲದೆ ಅದು ಕೈಗೆ ಸಿಗುವುದಿಲ್ಲ. ದೀಪದ ಕೆಳಗೆ ಹೋಲಿಸಿ ಅವನು ಮಾಡಿದ ಒಂದು ಸೆಟ್ಟು ನಿವೃತ್ತ ನ್ಯಾಯಾಧೀಶರೊಬ್ಬರ ಬಾಯಿ ಸೇರಿತು. ಮರುದಿನವೇ ಅವರು ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದು, "ನಾನು ನಕ್ಕರೆ ಮೊಮ್ಮಕ್ಕಳು ಅಳ್ತಾರಪ್ಪ. ಹೆಣ ನಕ್ಕ ಹಾಗಿದೆ" ಎಂದು ತೀರ್ಪು ಕೊಟ್ಟು ಹೋದರು.

"ನನ್ನ ತಂಗಿ ಮನೇಲಿ ನೋಡಿ," ಎಂದಳು ಹೆಂಡತಿ, "ಬಚ್ಚಲಲ್ಲೂ ಕಿಟಕಿ ಇದೆ."

ಇದು ತಾಳಲಾರದ ಮಾತು. ಷಡ್ಡಕ ಊರಾಚೆ ಮನೆ ಕಟ್ಟಿಸಿ, ಎಲ್ಲಿ ಗೋಡೆ ಇರಬೇಕೋ ಅಲ್ಲೆಲ್ಲ ಕಿಟಕಿ ಇಡಿಸಿದ್ದ. ಅವನು ಮನೆ ಕಟ್ಟಿದ್ದಾನೋ ಕಿಟಕಿ ಅಂಗಡಿ ಇಟ್ಟಿದ್ದಾನೋ ಎಂದು ಹಲ್ಲುಸೆಟ್ಟಿ ಬೆನ್ನ ಹಿಂದೆ ಆಡಿಕೊಂಡಿದ್ದೂ ಉಂಟು. ಆ ಮಧ್ಯಾಹ್ನ ಅವನು ಊಟದ ತಟ್ಟೆಯ ಮುಂದೆಯೇ ಎದ್ದು ನಿಂತು, "ಬೀದಿ ಗೋಡೆಗೆ ಕಿಟಕಿ ಇಡಿಸ್ತೀನಿ" ಎಂದು ಘೋಷಿಸಿದ.

"ಕೈ ತೊಳ್ಕೊಂಡು ಹೇಳಿ," ಎಂದರು ಅತ್ತೆ.

ಆದರೆ ಅವರ ಬೀದಿ ಸಾಮಾನ್ಯ ಬೀದಿಯಲ್ಲ. ಎರಡೂ ಬದಿಗೆ ಹಳೆಯ ಕಾಲದ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರಿಂದ ಸರಕಾರ ಇಡೀ ಬೀದಿಯನ್ನೇ ರಕ್ಷಿತ ಪ್ರದೇಶ ಎಂದು ಸಾರಿತ್ತು. ಅಲ್ಲಿ ಏನನ್ನು ಬದಲಿಸಬೇಕಾದರೂ ಹಳೆ ಕಟ್ಟಡಗಳ ರಕ್ಷಣಾ ಕಚೇರಿಗೆ ಅರ್ಜಿ ಹಾಕಬೇಕು. ಆ ಕಚೇರಿಯ ಅಧಿಕಾರಿ ಒಬ್ಬ ತೆಳ್ಳನೆಯ ಹೆಂಗಸು. ಕೈಯಲ್ಲಿ ಸದಾ ಅಳತೆಯ ಟೇಪು; ಮಾತಾಡುವಾಗ ಅದನ್ನು ಉದ್ದಕ್ಕೆ ಎಳೆಯುವುದು, ಎದುರಿಗಿದ್ದವರ ಮಾತು ಇಷ್ಟವಾಗದಿದ್ದರೆ ಸರ್ರನೆ ಒಳಕ್ಕೆ ಬಿಡುವುದು. ಮನುಷ್ಯರ ಬಗ್ಗೆ ಅವರಿಗೆ ಅಂಥ ಆಸಕ್ತಿ ಇರಲಿಲ್ಲ. ಕಟ್ಟಡಗಳ ಹೆಸರೆತ್ತಿದರೆ ಮಾತ್ರ ದನಿ ಮೆತ್ತಗಾಗುತ್ತಿತ್ತು.

"ಹೊಸ ಕಿಟಕೀನಾ?" ಟೇಪು ಸರ್ರನೆ ಒಳಹೋಯಿತು. "ಆ ಗೋಡೆಗೆ ಒಂದು ಮೊಳೆ ಹೊಡೀಬೇಕಾದ್ರೂ ನನ್ನ ಕೇಳ್ಬೇಕು. ಹೊಡೆದಿದೀರಾ?"

"ಇಲ್ಲ ಮೇಡಂ."

"ಹೊಡೆದಿದೀರಿ. ಗಡಿಯಾರ ನೇತು ಹಾಕಿದೀರಿ. ಸರ್ವೆಗೆ ಬಂದಾಗ ನೋಡಿದೀನಿ. ಆ ಗೋಡೆಗೆ ಎಷ್ಟು ನೋವಾಗಿರಬೇಕು!"

ಹಲ್ಲುಸೆಟ್ಟಿ ಗೋಡೆಯ ಪರವಾಗಿ ತಲೆ ತಗ್ಗಿಸಿದ.

"ಒಂದೇ ದಾರಿ ಇದೆ," ಎಂದರು ಅಧಿಕಾರಿ. "ಹಿಂದೆ ಅಲ್ಲಿ ಕಿಟಕಿ ಇದ್ದು, ಯಾರೋ ಮುಚ್ಚಿಸಿದ್ರು ಅಂತಾದ್ರೆ ಮಾತು ಬೇರೆ. ಆಗ ಅದು ಹೊಸದು ಮಾಡಿದ ಹಾಗಲ್ಲ, ಕಳೆದುಹೋಗಿದ್ದನ್ನ ವಾಪಸ್ ತಂದ ಹಾಗೆ. ಇತ್ತಾ?"

ಹಲ್ಲುಸೆಟ್ಟಿ ಸುಳ್ಳುಗಾರನಲ್ಲ. ಷಡ್ಡಕನ ಮನೆ ನೋಡಿ "ಚೆನ್ನಾಗಿದೆ" ಎಂದದ್ದನ್ನು ಬಿಟ್ಟರೆ ಅವನ ಲೆಕ್ಕದಲ್ಲಿ ದೊಡ್ಡ ಸುಳ್ಳುಗಳೇನೂ ಇರಲಿಲ್ಲ. "ಇಲ್ಲ" ಎನ್ನುವುದಕ್ಕೇ ಅವನು ಬಾಯಿ ತೆರೆದದ್ದು.

"ಇತ್ತು," ಎಂದಿತು ಬಾಯಿ.

"ನೋಡಿದವರು ಇದಾರಾ?"

"ಬೀದಿಯವರೆಲ್ಲ ನೋಡಿದಾರೆ ಮೇಡಂ. ಅಲ್ಲಿ ಒಬ್ಬರು ಕೂತಿರ್ತಿದ್ರು. ಹೆಂಗಸು. ಮಧ್ಯಾಹ್ನದ ಹೊತ್ತು. ಎಡಗೈ ಹೊರಗಿಟ್ಕೊಂಡು."

ಎಡಗೈ ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಅಧಿಕಾರಿಯ ಪೆನ್ನು ಅರ್ಜಿಯ ಮೇಲೆ ನಿಂತೇಬಿಟ್ಟಿತು. "ಕಿಟಕಿ ಮಾತ್ರ ಅಲ್ಲ, ಕಿಟಕಿಯ ಬದುಕು!" ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಕಣ್ಣಲ್ಲಿ ತೆಳುವಾಗಿ ನೀರಾಡಿತು. ಮಾರನೆಯ ದಿನ ಮನೆಯ ಬಾಗಿಲಿಗೆ ನೋಟೀಸು ಬಿತ್ತು: ಮುಚ್ಚಿರುವ ಕಿಟಕಿಯನ್ನು ಮತ್ತೆ ತೆರೆಯುವ ಬಗ್ಗೆ ಯಾರಿಗಾದರೂ ಹೇಳುವುದಿದ್ದರೆ ಸಭೆಗೆ ಬಂದು ಹೇಳತಕ್ಕದ್ದು. ಹೆಂಗಸಿನ ಸುದ್ದಿ, ಕೈಯ ಸುದ್ದಿ ಅದರಲ್ಲಿರಲಿಲ್ಲ.

ಈಗ ಸಾಕ್ಷಿಗಳನ್ನು ಹೊಂದಿಸಬೇಕು. ಎದುರು ಸಾಲಿನಲ್ಲಿ ಬೇಕರಿ. ಬೇಕರಿಯವರು ಬೀದಿಯ ಹಳಬರು. ಹೇಗೆ ಕೇಳುವುದು, ಎಷ್ಟು ಹಲ್ಲು ಕಿರಿಯುವುದು ಎಂದೆಲ್ಲ ಮನಸ್ಸಿನಲ್ಲೇ ಉರು ಹೊಡೆದುಕೊಂಡು ಹಲ್ಲುಸೆಟ್ಟಿ ಬೀದಿ ದಾಟಿದ. ಬಾಯಿ ತೆರೆಯುವ ಮೊದಲೇ ಬೇಕರಿಯವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನೋಟೀಸು ನೋಡ್ದೆ ಸೆಟ್ರೇ. ಕಡೆಗೂ ತೆಗೀತಿದೀರಲ್ಲ, ಒಳ್ಳೇದಾಯ್ತು."

ಎಂಥ ಮುತ್ತಿನಂಥ ಮನುಷ್ಯ, ಕೇಳುವ ಮೊದಲೇ ಸಹಾಯಕ್ಕೆ ನಿಂತಿದ್ದಾನೆ ಎಂದುಕೊಂಡ ಹಲ್ಲುಸೆಟ್ಟಿ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಕಣ್ಣು ಹೊಡೆದ. ಬೇಕರಿಯವರು ತಿರುಗಿ ಹೊಡೆಯಲಿಲ್ಲ.

"ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದು ಕೇಳಿ, ತಲೆಯೆತ್ತಿ ಎದುರಿನ ಬೋಳು ಗೋಡೆ ನೋಡಿದರು. "ಒಲೆ ಮುಂದೆ ನಿಂತು ನಿಂತು ಕಣ್ಣು ಉರಿ ಬಂದಾಗ ಹೊರಗೆ ಬಂದು ತಲೆ ಎತ್ತಿದ್ರೆ ಆ ಕೈ ಕಾಣ್ತಿತ್ತು. ಕಿಟಕಿ ಕಟ್ಟೆ ಮೇಲೆ ಇಟ್ಕೊಂಡಿರೋರು. ಎಡಗೈ. ಮುಖ ಯಾವತ್ತೂ ಕಾಣಿಸಲಿಲ್ಲ ನೋಡಿ."

ಹಲ್ಲುಸೆಟ್ಟಿ ಇನ್ನೊಮ್ಮೆ ಹೊಡೆಯಹೊರಟ ಕಣ್ಣು ಅರ್ಧದಲ್ಲೇ ನಿಂತಿತು. ಎಡಗೈಯ ವಿಷಯ ಅವನು ಹೆಂಡತಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಬೇಕರಿಯ ಮಹಡಿಯಲ್ಲಿ ಪಿಟೀಲು ಪಾಠ ಹೇಳುವ ಟೀಚರು ಬ್ರೆಡ್ಡಿಗೆಂದು ಇಳಿದು ಬಂದರು. ಮಾತು ಯಾವುದೆಂದು ತಿಳಿದದ್ದೇ ಅವರ ಮುಖ ಬೆಳಗಿತು. "ನನಗೆ ತಾಳ ಕಲಿಸಿದ್ದೇ ಆ ಕೈ. ನಾನು ನುಡಿಸ್ತಿದ್ರೆ ಅಲ್ಲಿ ಬೆರಳು ಆಡ್ತಿತ್ತು. ತಪ್ಪಿದ್ರೆ ಟಕ್ ಅಂತ ನಿಂತುಬಿಡ್ತಿತ್ತು. ಮೊನ್ನೆ ಕೂಡ ನಿಲ್ತು."

"ಮೊನ್ನೆನಾ?" ಎಂದ ಹಲ್ಲುಸೆಟ್ಟಿ. "ಅಲ್ಲಿ ಗೋಡೆ ಇದೆಯಲ್ಲ ಟೀಚರ್."

"ಗೋಡೆ ಇದ್ರೇನು? ನಿಂತಿದ್ದು ಗೊತ್ತಾಗುತ್ತೆ," ಎಂದು ಅವರು ಬ್ರೆಡ್ಡನ್ನು ಒತ್ತಿ ನೋಡಿದರು. "ಇದು ನೆನ್ನೇದಾ?"

ಇದು ತಮಾಷೆಯಾದರೆ ಇಲ್ಲಿಗೇ ಮುಗಿಸಬೇಕೆಂದು ಹಲ್ಲುಸೆಟ್ಟಿ ದೊಡ್ಡದಾಗಿ ನಕ್ಕ. "ಅಯ್ಯೋ, ನಿಜ ಹೇಳಿಬಿಡ್ತೀನಿ ಇರಿ. ಕಿಟಕಿಯೂ ಇಲ್ಲ, ಹೆಂಗಸೂ ಇಲ್ಲ. ಎಲ್ಲ ನಾನೇ ಕಟ್ಟಿದ ಕತೆ."

ಬೇಕರಿಯವರ ಮುಖ ಒಲೆಯಂತಾಯಿತು. "ಹಾಗಾದ್ರೆ ನಾನು ಸುಳ್ಳುಗಾರನಾ?"

"ಹಾಗಲ್ಲ, ನಾನು ಸುಳ್ಳುಗಾರ ಅಂತಿದೀನಿ."

"ನೀವು ಸುಳ್ಳು ಹೇಳಿದ್ರೆ ನಾನು ನೋಡಿದ್ದು ಸುಳ್ಳಾಗುತ್ತಾ? ನನ್ನ ಕಣ್ಣು ನಿಮ್ಮಪ್ಪನ ಮನೇದಾ?"

ಆ ದಿನ ಹಲ್ಲುಸೆಟ್ಟಿಗೆ ಬ್ರೆಡ್ಡು ಸಿಗಲಿಲ್ಲ.

ಮನೆಗೆ ಬಂದವನೇ ಅತ್ತೆಯ ಮುಂದೆ ಹೋಗಿ ಕೈಕಟ್ಟಿ ನಿಂತ. "ಅತ್ತೆ, ಮದುವೆಯಾಗಿ ಬಂದಾಗಿನಿಂದ ನೀವು ಈ ಮನೇಲಿದೀರಿ. ಮೇಲೆ ಬೀದಿ ಕಡೆ ಕಿಟಕಿ ಇತ್ತಾ?"

"ಯಾವ ಕಿಟಕಿ? ಇರಲಿಲ್ಲ."

"ಅಲ್ಲಿ ಯಾರಾದ್ರೂ ಹೆಂಗಸು..."

"ಈ ಮನೇಲಿ ನಾನು ಬಿಟ್ರೆ ಇನ್ಯಾವ ಹೆಂಗಸು ಕೂತು ಬೀದಿ ನೋಡೋಕೆ ಸಾಧ್ಯ? ನಿಮ್ಮ ಮಾವ ಬಿಡ್ತಿದ್ರಾ? ತಲೆ ಕೆಟ್ಟಿದೆಯಾ ಅಳಿಯಂದ್ರೇ?"

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆಯ ಮೇಲೆ ಅವನಿಗೆ ಮೊದಲ ಸಲ ಪ್ರೀತಿ ಉಕ್ಕಿತು. ಹಗುರಾಗಿ ಮಹಡಿ ಹತ್ತಿದ. ಬಾಗಿಲು ನೂಕಿದವನು ಅಲ್ಲೇ ನಿಂತ. ಅವನ ದವಡೆಗಳೆಲ್ಲ ಸಾಮಾನ್ಯವಾಗಿ ಕೆಲಸದ ಮೇಜಿನ ಕಡೆಗೆ ಮುಖ ಮಾಡಿರುತ್ತಿದ್ದವು. ಈಗ ಅಷ್ಟೂ ಬೀದಿಯ ಗೋಡೆಯ ಕಡೆ ತಿರುಗಿದ್ದವು. ಯಾರೋ ಅಲ್ಲಿ ಮಾತಾಡುತ್ತಿದ್ದಾರೆ, ಇವು ಕೇಳಿಸಿಕೊಳ್ಳುತ್ತಿವೆ ಎಂಬಂತೆ.

"ಏ, ನನ್ನ ದವಡೆಗಳನ್ನ ಯಾಕೆ ತಿರುಗಿಸಿದೆ?" ಎಂದು ಮೆಟ್ಟಿಲ ಮೇಲಿಂದ ಕೂಗಿದ.

"ಆ ರೂಮಿಗೆ ನಾನು ಯಾವತ್ತು ಕಾಲಿಟ್ಟಿದೀನಿ ರೀ?" ಎಂದಿತು ಅಡುಗೆಮನೆ.

ಅವನು ಒಂದೊಂದನ್ನೇ ಹಿಡಿದು ಮೇಜಿನ ಕಡೆಗೆ ತಿರುಗಿಸಿದ. ನಾಳೆಯೇ ಅರ್ಜಿ ವಾಪಸ್ ಎಂದುಕೊಂಡ.

ಆದರೆ ಸರಕಾರಿ ಕಚೇರಿಗೆ ಹೋದ ಅರ್ಜಿ ಹೆತ್ತವರ ಮಾತು ಕೇಳುವುದಿಲ್ಲ. ಅವನು ಸಭೆಗೆ ಹೋಗುವಷ್ಟರಲ್ಲಿ ಅಲ್ಲಿ ಬೀದಿಯೇ ಕೂತಿತ್ತು. ಬೇಕರಿಯವರು ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಟೀಚರು ಪಿಟೀಲಿನ ಸಮೇತ ಬಂದಿದ್ದರು. ಹೆಂಡತಿ, ಅತ್ತೆ ಮುಂದಿನ ಸಾಲಿನಲ್ಲಿ. ಕರೆಯದಿದ್ದರೂ ಷಡ್ಡಕ ಬಂದಿದ್ದ. ಇವನಿಗೆ ಕಿಟಕಿ ಸಿಗುವುದಿಲ್ಲ ಎನ್ನುವುದನ್ನು ಕಣ್ಣಾರೆ ಕಾಣುವುದಕ್ಕೆ.

"ಮೇಡಂ, ನನ್ನ ಅರ್ಜಿ ಹಿಂದಕ್ಕೆ ತಗೋತೀನಿ," ಎಂದ ಹಲ್ಲುಸೆಟ್ಟಿ.

"ಅರ್ಜಿ ಹಿಂದಕ್ಕೆ ತಗೋಬಹುದು," ಎಂದರು ಅಧಿಕಾರಿ. "ಕಿಟಕೀನ ಹಿಂದಕ್ಕೆ ತಗೊಳ್ಳೋಕಾಗಲ್ಲ. ಅದು ಈಗ ನಮ್ಮ ಗಮನಕ್ಕೆ ಬಂದಿದೆ. ಕೂತ್ಕೊಳ್ಳಿ."

ಬೇಕರಿಯವರು ಕೈಯ ಬಗ್ಗೆ ಹೇಳಿದರು. ಟೀಚರು ಎದ್ದು ನಿಂತು ಒಂದು ರಾಗದ ತುಣುಕು ನುಡಿಸಿ, ಬೆರಳು ಎಲ್ಲಿ ನಿಲ್ಲುತ್ತಿತ್ತೆಂದು ತೋರಿಸಿದರು. ಅವರು ನಿಲ್ಲಿಸಿದ ಮೇಲೂ ಹಲ್ಲುಸೆಟ್ಟಿಗೆ ಎಲ್ಲೋ ಟಕ್ ಟಕ್ ಎಂದು ಕೇಳಿಸುತ್ತಲೇ ಇತ್ತು; ಆಮೇಲೆ ಅದು ತನ್ನ ಹಲ್ಲೇ ಎಂದು ಗೊತ್ತಾಯಿತು. ಕಡೆಗೆ ಷಡ್ಡಕ ಗಂಟಲು ಸರಿಮಾಡಿಕೊಂಡು ಎದ್ದ. ಇವನಾದರೂ ಹೊಟ್ಟೆಕಿಚ್ಚಿಗೆ ನಿಜ ಹೇಳುತ್ತಾನೆಂದು ಹಲ್ಲುಸೆಟ್ಟಿ ಆಸೆಯಿಂದ ನೋಡಿದ.

"ನಾನು ಹೆಣ್ಣು ನೋಡೋಕೆ ಅಂತ ಮೊದಲ ಸಲ ಆ ಮನೆಗೆ ಬಂದಾಗ, ಅವರು ಮೇಲಿಂದ ನೋಡಿ ಕೈ ಆಡಿಸಿದ್ರು," ಎಂದ ಷಡ್ಡಕ. ಆಮೇಲೆ ಇವನ ಕಡೆ ತಿರುಗಿ ಕನಿಕರದಿಂದ, "ಯಾಕೆ, ನಿಮಗೆ ಆಡಿಸಲಿಲ್ವಾ?"

ಇಷ್ಟು ಭಯದಲ್ಲೂ ಹಲ್ಲುಸೆಟ್ಟಿ ತಾನು ಹೆಣ್ಣು ನೋಡಲು ಬಂದ ದಿನವನ್ನು ನೆನಪು ಮಾಡಿಕೊಂಡ. ಅವನಿಗೆ ಯಾರೂ ಕೈ ಆಡಿಸಿರಲಿಲ್ಲ.

"ಮನೆ ಯಜಮಾನಿಯವರು ಏನಂತೀರಿ?" ಎಂದರು ಅಧಿಕಾರಿ.

ಅತ್ತೆ ಎದ್ದರು. ಇನ್ನು ಎಲ್ಲ ಮುಗಿಯಿತು, ಅತ್ತೆಯ ಒಂದೇ ಮಾತಿಗೆ ಬೀದಿ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಹಲ್ಲುಸೆಟ್ಟಿ ಕಣ್ಣು ಮುಚ್ಚಿ ಕೂತ.

"ಇತ್ತು," ಎಂದರು ಅತ್ತೆ. "ನಾನೇ ಮುಚ್ಚಿಸಿದ್ದು. ಅವಳಿಗೆ ಗಾಳಿ ಜಾಸ್ತಿ ಆಗ್ತಿತ್ತು."

ಮನೆಗೆ ಬಂದ ಮೇಲೆ ಅತ್ತೆ ಅಳಿಯನೇ ಮಾಡಿಕೊಟ್ಟಿದ್ದ ಹಲ್ಲುಸೆಟ್ಟು ತೆಗೆದು ಲೋಟದ ನೀರಲ್ಲಿ ಹಾಕಿ, ಅದರ ಎದುರಿಗೆ ಕುರ್ಚಿ ಎಳೆದುಕೊಂಡು ಅದನ್ನೇ ದುರುಗುಟ್ಟಿ ನೋಡುತ್ತ ಕೂತರು. ಅಳಿಯ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತ. ಬೊಚ್ಚುಬಾಯಲ್ಲಿ ಅವರು ಆಡಿದ ಮಾತಿನಲ್ಲಿ ಅರ್ಧ ಅಕ್ಷರಗಳು ಗಾಳಿಗೆ ಹೋದವು; ಅವನ್ನು ರಿಪೇರಿ ಮಾಡಿ ಇಲ್ಲಿ ಕೊಟ್ಟಿದೆ.

"ಕಿಟಕಿ ಇರಲಿಲ್ಲ ಅಂತ ಹೇಳೋಕೇ ನಾನು ಎದ್ದಿದ್ದು ಅಳಿಯಂದ್ರೇ. ಬಾಯಿ ಬೇರೇನೇ ಹೇಳ್ತು. ಈ ಸೆಟ್ಟು ಎಲ್ಲಿ ಕೂತು ಮಾಡಿದ್ರಿ?"

"ಮೇಲೆ ರೂಮಲ್ಲಿ, ಅತ್ತೆ."

"ಯಾವ ಗೋಡೆಗೆ ಬೆನ್ನು ಹಾಕಿ?"

ಅವನು ಮಹಡಿಯ ಬೀದಿ ಗೋಡೆಯತ್ತ ತಲೆಯೆತ್ತಿದ. ಲೋಟದಲ್ಲಿ ಒಂದು ಗುಳ್ಳೆ ಎದ್ದು ಮೇಲೆ ಬಂದು ಒಡೆಯಿತು. ಕುರ್ಚಿ ಬಿಟ್ಟೆದ್ದ ಅತ್ತೆ, ಪಕ್ಕದಲ್ಲಿದ್ದ ಅಳಿಯ ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಆ ಕುಟುಂಬದಲ್ಲಿ ಅವರಿಬ್ಬರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

ಆದೇಶ ಬಂತು. ಕಿಟಕಿಯನ್ನು ತೆಗೆಯಬಹುದು ಎಂದಲ್ಲ, ತೆಗೆಯತಕ್ಕದ್ದು ಎಂದು. ಗೊತ್ತಾದ ದಿನ ಬೆಳಿಗ್ಗೆ ಗಾರೆ ಮೇಸ್ತ್ರಿ ಬಂದ. ಅಧಿಕಾರಿ ಬಂದರು. ಬೀದಿಯಲ್ಲಿ ಜನ ಕುರ್ಚಿ ತಂದು ಹಾಕಿಕೊಂಡು ಕೂತರು. ಬೇಕರಿಯವರು ಬಿಸಿ ಬನ್ನು ಹೊರಗೇ ಇಟ್ಟು ಮಾರಿದರು. ಮೇಲಿನ ಕೋಣೆಯಲ್ಲಿ ಹೆಂಡತಿ ಗಂಡನ ಅಂಗಿಯ ತುದಿ ಹಿಡಿದುಕೊಂಡು ನಿಂತಳು.

ಏನೂ ಸಿಗದಿರಲಿ, ಬರೀ ಇಟ್ಟಿಗೆ ಸಿಕ್ಕಿ ತನ್ನ ಮಾನ ಹೋಗಲಿ ಎಂದು ಹಲ್ಲುಸೆಟ್ಟಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಮಾನ ಹೋಗಲಿ ಎಂದು ಬೇಡಿಕೊಂಡ ಮನುಷ್ಯ ಆ ಬೀದಿಯಲ್ಲಿ ಅವನೊಬ್ಬನೇ ಇರಬೇಕು.

ಮೇಸ್ತ್ರಿ ಗಾರೆ ಕೆತ್ತಿದ. ಗಾರೆಯ ಕೆಳಗೆ ಕಮಾನು ಕಾಣಿಸಿತು. ಅಧಿಕಾರಿಯ ಬಾಯಿಂದ "ಆಹಾ" ಎಂಬ ಉದ್ಗಾರ ಬಂತು. ಕಮಾನಿನೊಳಗೆ ತುಂಬಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದ. ಇಟ್ಟಿಗೆಯ ಹಿಂದೆ ಕಪ್ಪು ಮರದ ಎರಡು ಕದಗಳು, ಮುಚ್ಚಿಕೊಂಡಿದ್ದವು. ಮೇಸ್ತ್ರಿ ಅಂಗೈಯಿಂದ ನೂಕಿ ನೋಡಿದ. ಭುಜ ಕೊಟ್ಟು ನೂಕಿದ. ಆಮೇಲೆ ತಿರುಗಿ ನಿಂತ.

"ಮೇಡಂ, ಚಿಲಕ ಆ ಕಡೆಯಿಂದ ಹಾಕಿದೆ."

"ಆ ಕಡೆ ಅಂದ್ರೆ ಬೀದಿ. ಬೀದಿ ಕಡೆ ಗೋಡೆ ಇದೆಯಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಈ ಕದಕ್ಕೂ ಆ ಗೋಡೆಗೂ ನಡುವೆ ಜಾಗ ಇದೆ. ತಟ್ಟಿದ್ರೆ ಟೊಳ್ಳು ಸದ್ದು." ಮೇಸ್ತ್ರಿ ಬೆವರು ಒರೆಸಿಕೊಂಡ. "ಒಬ್ಬರು ಕೂರೋಷ್ಟು ಜಾಗ."

ಕೆಳಗಿನಿಂದ ಬನ್ನು ಮಾರುವ ಸದ್ದು ಮಾತ್ರ ಬರುತ್ತಿತ್ತು.

"ಅಳತೆ ತಗೋಬೇಕು," ಎಂದರು ಅಧಿಕಾರಿ. ಅವರ ದನಿಯೂ ತುಸು ಸಣ್ಣಗಾಗಿತ್ತು. "ಒಡೀಬೇಡಿ. ಕದಕ್ಕೆ ಏಟು ಬೀಳಬಾರದು. ನಿಧಾನಕ್ಕೆ ಉಳಿ ತೂರಿಸಿ..."

ಮೇಸ್ತ್ರಿ ಉಳಿಯನ್ನು ಕದಗಳ ಸಂದಿಗೆ ಹಿಡಿದ. ಸುತ್ತಿಗೆ ಎತ್ತಿದ. ಇನ್ನೂ ಹೊಡೆದಿರಲಿಲ್ಲ. ಒಳಗಿನಿಂದ, ತುಕ್ಕು ಹಿಡಿದ ಕಬ್ಬಿಣ ಕಬ್ಬಿಣದ ಮೇಲೆ ಸರಿದ ಸದ್ದು ಬಂತು. ಆತುರವೇನೂ ಇಲ್ಲದೆ, ಹಗಲು ನಿದ್ದೆಯಿಂದ ಎದ್ದವರು ಬಾಗಿಲು ತೆಗೆಯುವ ಹಾಗೆ. ಕದಗಳು ಕೋಣೆಯ ಒಳಕ್ಕೆ ತೆರೆದುಕೊಂಡವು.

ಒಳಗೆ ಯಾರೂ ಇರಲಿಲ್ಲ. ಕಲ್ಲಿನ ಒಂದು ಆಸನವಿತ್ತು, ಅಷ್ಟೇ. ಅಷ್ಟು ವರ್ಷದ ಗೂಡಿನಲ್ಲಿ ಹಿಡಿ ದೂಳೂ ಇರಲಿಲ್ಲ. ಆಸನದ ನಡುಭಾಗ ಕೂತು ಕೂತು ನುಣುಪಾಗಿತ್ತು.

"ಹಳೇ ಮರ," ಎಂದರು ಅಧಿಕಾರಿ. "ಇಟ್ಟಿಗೆ ಭಾರ ಇಳಿದಾಗ ತಾನೇ ಬಿಟ್ಕೊಳ್ಳುತ್ತೆ."

"ಹೌದು ಮೇಡಂ," ಎಂದ ಮೇಸ್ತ್ರಿ. ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಚಹಾ ಕುಡಿದು ಬರುತ್ತೇನೆಂದು ಇಳಿದು ಹೋದ. ಅವನು ಎಲ್ಲಿ ಚಹಾ ಕುಡಿಯಲು ಹೋದನೋ, ಮತ್ತೆ ಆ ಬೀದಿಗೆ ಬರಲಿಲ್ಲ. ಹೊರಗಿನ ಗೋಡೆಯನ್ನು ಬೇರೊಬ್ಬ ಮೇಸ್ತ್ರಿ ಬೀದಿಯಿಂದಲೇ ಏಣಿ ಹಾಕಿ ಒಡೆಯಬೇಕಾಯಿತು. ಕಡೆಯ ಇಟ್ಟಿಗೆ ಬಿದ್ದಾಗ ಬೆಳಕು ನುಗ್ಗಿ ಬಂತು. ಕೆಳಗೆ ಜನ ಚಪ್ಪಾಳೆ ಹೊಡೆದರು. ಹಲ್ಲುಸೆಟ್ಟಿ ಜನ್ಮದಲ್ಲಿ ಮೊದಲ ಸಲ ತನ್ನ ಕೋಣೆಯ ಮೂಲೆಗಳನ್ನು ಕಂಡ; ದವಡೆಗಳು ಮತ್ತೆ ಅತ್ತ ತಿರುಗಿಯೇ ಇದ್ದವು.

ಬೆಳಕಿನ ಸುಖ ಅವನಿಗೆ ದಕ್ಕಲಿಲ್ಲ. ಹಿಂದೆಯೇ ಕಚೇರಿಯ ಕಡೆಯ ಆದೇಶ ಬಂತು. ಸದರಿ ಕಿಟಕಿ ಮತ್ತು ಅದರಲ್ಲಿ ಕೂತ ವ್ಯಕ್ತಿ, ಎರಡೂ ಸೇರಿಯೇ ಈ ಬೀದಿಯ ಪಾರಂಪರಿಕ ನೋಟವೆಂದು ಸಾಕ್ಷಿಗಳಿಂದ ಸಾಬೀತಾಗಿರುವುದರಿಂದ, ಪ್ರತಿ ಮಧ್ಯಾಹ್ನ ಮನೆಯವರಲ್ಲಿ ಒಬ್ಬರು ಎಡಗೈ ಹೊರಗೆ ಕಾಣುವಂತೆ ಅಲ್ಲಿ ಕೂತಿರತಕ್ಕದ್ದು. ತಪ್ಪಿದಲ್ಲಿ ಮನೆಯನ್ನು ಕಚೇರಿಯ ವಶಕ್ಕೆ ತೆಗೆದುಕೊಳ್ಳಲಾಗುವುದು.

"ನಾನು ಕೂರಲ್ಲ," ಎಂದಳು ಹೆಂಡತಿ.

"ಅರ್ಜಿ ಯಾರದು?" ಎಂದರು ಅತ್ತೆ. "ಮನೆ ಹೋದ್ರೆ ನಾನು ಕಿರಿ ಮಗಳ ಮನೆಗೆ ಹೋಗ್ತೀನಿ. ನೀವಿಬ್ರು ಎಲ್ಲಿಗೆ ಹೋಗ್ತೀರೋ ನೋಡ್ಕೊಳ್ಳಿ."

ಹಾಗಾಗಿ ಹಲ್ಲುಸೆಟ್ಟಿ ಕೂತ. ಹೆಂಗಸಿನ ಕೈಯಂತೆ ಕಾಣಲೆಂದು ಹೆಂಡತಿ ತನ್ನ ಬಳೆ ತೊಡಿಸಿದಳು. ಅದು ಹೋಗುವಾಗ ಸೋಪು ಬೇಕಾಯಿತು, ಬರುವಾಗ ದೇವರೇ ಬೇಕಾದ. ದಿನವೂ ಮಧ್ಯಾಹ್ನ ಕೆಲಸ ಬಿಟ್ಟು, ತಾನೇ ತಂದ ಬೆಳಕಿಗೆ ತಾನೇ ಅಡ್ಡವಾಗಿ, ಕೈ ಚಾಚಿ ಕೂತಿರುತ್ತಿದ್ದ. ಬೀದಿಗೆ ಅದೂ ಹಿಡಿಸಲಿಲ್ಲ.

"ಸೆಟ್ರೇ, ಕೈ ಮೇಲಿನ ಕೂದಲು ಇಲ್ಲೀತನಕ ಕಾಣುತ್ತೆ!" ಎಂದು ಬೇಕರಿಯವರು ಕೆಳಗಿನಿಂದ ಕೂಗುತ್ತಿದ್ದರು.

"ಬೆರಳು ಆಡಿಸಬೇಡಿ," ಎನ್ನುತ್ತಿದ್ದರು ಟೀಚರು ಎದುರು ಕಿಟಕಿಯಿಂದ. "ನಿಮ್ಮ ತಾಳ ನೋಡಿ ನನ್ನ ಮಕ್ಕಳು ಕೆಡ್ತಿದಾರೆ."

ಇದನ್ನೆಲ್ಲ ಅವನು ಸಹಿಸಬಲ್ಲವನಾಗಿದ್ದ. ಸಹಿಸಲಾಗದ್ದು ಬೇರೆ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಕಲ್ಲಿನ ಆಸನ ಅವನು ಕೂರುವ ಮೊದಲೇ ಬೆಚ್ಚಗಿರುತ್ತಿತ್ತು. ಒಬ್ಬರು ಆರಾಮವಾಗಿ ಕೂರುವಷ್ಟು ಅಗಲವಿದ್ದರೂ ಅವನಿಗೆ ಇಕ್ಕಟ್ಟಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಮರ್ಯಾದೆಗೆ ಸ್ವಲ್ಪ ಸರಿದು ಜಾಗ ಕೊಟ್ಟು, ಇನ್ನು ಇವನೇ ಅರ್ಥ ಮಾಡಿಕೊಂಡು ಏಳಲಿ ಎಂದು ಕಾಯುತ್ತಾರಲ್ಲ, ಹಾಗೆ. ಒಂದು ದಿನ ಬಾಯಿತಪ್ಪಿ "ಕ್ಷಮಿಸಿ" ಎಂದುಬಿಟ್ಟ. ಭುಜದ ಒತ್ತಡ ತುಸು ಸಡಿಲವಾಯಿತು. ಆ ದಿನ ಅವನು ಬಳೆ ತೆಗೆಯುವುದನ್ನೂ ಮರೆತು ಸಂತೆಗೆ ಹೋಗಿ ಬಂದ.

ಹೀಗಿರುವಾಗ ಅತ್ತೆಯ ಸೆಟ್ಟು ಒಸಡು ಒತ್ತತೊಡಗಿತು. ಅದನ್ನು ಇನ್ನು ಆ ಕೋಣೆಯಲ್ಲಿ ಮುಟ್ಟಕೂಡದೆಂದು ಅತ್ತೆ ಹಟ ಹಿಡಿದರು. ಅವರನ್ನು ಒಬ್ಬರೇ ಕಳಿಸುವಂತಿಲ್ಲ. ಹೆಂಡತಿ ಜೊತೆಗೆ ಹೊರಟಳು. ಎಲ್ಲಿ ಉಜ್ಜಬೇಕೆಂದು ದಂತವೈದ್ಯರಿಗೆ ಹೇಳಲು ಹಲ್ಲುಸೆಟ್ಟಿಯೂ ಬೇಕೆಂದರು. ಬೇಗ ಬರೋಣವೆಂದು ಮನೆಗೆ ಬೀಗ ಹಾಕಿ ಮೂವರೂ ಹೋದರು. ವೈದ್ಯರು ಸೆಟ್ಟನ್ನು ಇಟ್ಟುಕೊಂಡು ನಾಳೆ ಬನ್ನಿ ಎಂದರು. ಅಷ್ಟರಲ್ಲಿ ಕಿಟಕಿಯಲ್ಲಿ ಕೂರುವ ಹೊತ್ತಾಗಿಹೋಗಿತ್ತು.

ಬೀದಿಯ ತಿರುವಿನಲ್ಲೇ ಹಲ್ಲುಸೆಟ್ಟಿ ಗಕ್ಕನೆ ನಿಂತ. ಮನೆಯ ಎದುರಿಗೆ ಅಧಿಕಾರಿ ನಿಂತಿದ್ದರು. ಅವರ ಪಕ್ಕದಲ್ಲಿ ಅವರಿಗಿಂತ ದೊಡ್ಡ ಅಧಿಕಾರಿ. ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು. ಮನೆ ಹೋಯಿತು ಎಂದುಕೊಂಡು ಅವನು ಓಡಿದ.

"ಮೇಡಂ, ಅತ್ತೆಯವರ ಹಲ್ಲು... ಈಗಷ್ಟೇ ಎದ್ದು ಹೋಗಿದ್ದೆ..."

"ಷ್!" ಎಂದರು ಅಧಿಕಾರಿ. ಅವರ ಮುಖದಲ್ಲಿ ಎಂದೂ ಕಾಣದ ನಗು ಇತ್ತು. "ಇವತ್ತು ಎಷ್ಟು ಸರಿಯಾಗಿದೆ! ನೀವು ಕೂತಾಗ ಏನೋ ಒಂದು ಕೊರತೆ ಇತ್ತು, ನಾನು ಹೇಳಿರಲಿಲ್ಲ. ಯಾರಿವರು? ನಿಮ್ಮ ಅಕ್ಕನಾ?"

ಹಲ್ಲುಸೆಟ್ಟಿ ತಲೆಯೆತ್ತಿದ. ಕಿಟಕಿಯ ಕಟ್ಟೆಯ ಮೇಲೆ ಒಂದು ಎಡಗೈ ಇತ್ತು. ತೆಳ್ಳಗೆ, ಬೆಳ್ಳಗೆ, ನೆಮ್ಮದಿಯಾಗಿ ಇಟ್ಟುಕೊಂಡ ಕೈ. ಎದುರು ಮಹಡಿಯಲ್ಲಿ ಪಿಟೀಲು ನುಡಿಯುತ್ತಿತ್ತು; ತೋರುಬೆರಳು ಕಲ್ಲಿನ ಮೇಲೆ ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಅವನ ಕೈಯಲ್ಲಿದ್ದ ಬೀಗದ ಕೈ ತಣ್ಣಗಾಯಿತು. ಹೆಂಡತಿ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು.

"ಯಾರು ಅಂತ ಬರ್ಕೊಳ್ಳಲಿ?" ಎಂದರು ದೊಡ್ಡ ಅಧಿಕಾರಿ.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅತ್ತೆ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು.

"ನಮ್ಮ ಮನೆಯವರೇ," ಎಂದರು.

ಅತ್ತೆಯ ಬಾಯಲ್ಲಿ ಆಗ ಹಲ್ಲಿರಲಿಲ್ಲ. ಆದ್ದರಿಂದ ಅದು ಅವರದೇ ಮಾತು ಎಂದು ತಿಳಿಯಬೇಕು.

ಅಧಿಕಾರಿಗಳು ಸಂತೋಷ ವ್ಯಕ್ತಪಡಿಸಿ ಹೋದರು. ಮೂವರೂ ಬೀಗ ತೆಗೆದು ಒಳಗೆ ಬಂದು ಹಾಲಿನಲ್ಲಿ ಕೂತರು. ಹೆಂಡತಿ ನೀರು ಕುಡಿದಳು, ಅತ್ತೆ ನೀರು ಕುಡಿದರು. ಯಾರಾದರೂ ಮೇಲೆ ಹೋಗಬೇಕೆಂದು ಯಾರೂ ಹೇಳಲಿಲ್ಲ. ಆದರೆ ಶಾಲೆಯ ಟೀಚರೊಬ್ಬರ ಸೆಟ್ಟು ಸಂಜೆಗೆ ಕೊಡುತ್ತೇನೆಂದು ಹಲ್ಲುಸೆಟ್ಟಿ ಮಾತು ಕೊಟ್ಟಿದ್ದ. ಪಾಪ, ಆಕೆ ಹಲ್ಲಿಲ್ಲದೆ ಪಾಠ ಹೇಳಲಾರದೆ ರಜೆ ಹಾಕಿ ಕೂತಿದ್ದರು.

"ಹುಷಾರು ರೀ," ಎಂದಳು ಹೆಂಡತಿ.

ಅವನು ಮೆಟ್ಟಿಲು ಹತ್ತಿದ. ಕಿಟಕಿಯ ಕಡೆ ನೋಡದೆ, ನೆಲ ನೋಡುತ್ತ ಹೋಗಿ ಮೇಜಿನ ಮುಂದೆ ಕೂತ. ಮೇಣ ಕಾಯಿಸಿದ. ಬಣ್ಣದ ಮಾದರಿ ಹಲ್ಲುಗಳನ್ನು ಸಾಲಾಗಿ ಹರವಿಕೊಂಡು ಒಂದನ್ನು ಎತ್ತಿ ಹಿಡಿದ. ಮೇಜಿನ ಮೇಲೆ ನೆರಳು ಬಿದ್ದಿತ್ತು. ಹಳದಿಯೋ ಬೂದಿಯೋ ತಿಳಿಯಲೊಲ್ಲದು. ಆ ಕಡೆ ತಿರುಗಿಸಿ ನೋಡಿದ, ಈ ಕಡೆ ತಿರುಗಿಸಿ ನೋಡಿದ. ಬೆವರು ಮೂಗಿನ ತುದಿಗೆ ಬಂತು. ಕಡೆಗೆ, ತಲೆ ಎತ್ತದೆಯೇ, ಗಂಟಲು ಸರಿಮಾಡಿಕೊಂಡು ಹೇಳಿದ:

"ಅಮ್ಮಾ... ತಪ್ಪು ತಿಳ್ಕೋಬೇಡಿ. ಒಂಚೂರು ಆ ಕಡೆ ಸರೀತೀರಾ? ಬೆಳಕಿಗೆ ಅಡ್ಡ ಆಗ್ತಿದೆ."

ಎದುರು ಮಹಡಿಯ ಪಿಟೀಲು ಟಕ್ಕನೆ ನಿಂತಿತು. ಕಲ್ಲಿನ ಮೇಲೆ ಬಟ್ಟೆ ಸರಿದ ಸದ್ದಾಯಿತು. ಅವನ ಕೈಯಲ್ಲಿದ್ದ ಹಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು ಸ್ವಚ್ಛವಾಗಿ ಬಂದು ಬಿತ್ತು.

"ಸಾಕು ಸಾಕು," ಎಂದ ಹಲ್ಲುಸೆಟ್ಟಿ. "ಅಲ್ಲೇ ಇರಿ."